ಗೂಟಕ್ಕೆ ತೂಗಿದ ಕೋಟು

ಆಳಂದದ ನಮ್ಮ ಮನೆಗೆ ಬರುತ್ತಿದ್ದ ವಿಮೆ ಏಜೆಂಟರದು ಒಂದೇ ಮಾತು: ‘ಮೊದ್ಲು ಏನು ಸಿಗಂಗಿಲ್ಲ ಅದನ್ನ ಕೇಳ್ರಿ.’

ತೊಂಬತ್ತರ ದಶಕದಲ್ಲಿ, ದೊಡ್ಡ ಕಾಯಿಲೆ ಬಂದರೆ ಹಣ ಕೊಡುವ ಪಾಲಿಸಿ ಹೊಸದಾಗಿ ಬಂದಿತ್ತು. ಅದನ್ನು ವಿವರಿಸುತ್ತ ಅವರು ತಮ್ಮ ಎದೆ ಮುಟ್ಟಿ, ‘ಹಾರ್ಟಿಂದು ಇಲ್ಲಿ’ ಎಂದರೋ ಇಲ್ಲವೋ, ಅವ್ವ ಅಡುಗೆಮನೆಯಿಂದ ಓಡಿ ಬಂದಳು.

‘ಬಿಡ್ತು ಅನ್ರಿ! ರೋಗ ತಮ್ಮ ಮೈಮ್ಯಾಲೆ ಯಾರರೆ ತೋರಿಸ್ತಾರೇನ್ರಿ?’

ಅವರು ವಾದಿಸಲಿಲ್ಲ. ‘ಬಿಡ್ತು’ ಎಂದು, ಕರಿಕೋಟು ಬಿಚ್ಚಿ ಗೋಡೆಯ ಗೂಟಕ್ಕೆ ತೂಗಿಹಾಕಿ, ಕೈಲಿದ್ದ ಕೊಡೆಯ ತುದಿಯಿಂದ ಅದರ ಮೇಲೆ ತೋರಿಸತೊಡಗಿದರು. ಹಾರ್ಟು ಇಲ್ಲಿ, ಕಿಡ್ನಿ ಇಲ್ಲಿ. ಉಬ್ಬಸವಿದ್ದ ಅಪ್ಪ, ‘ಮತ್ತ ದಮ್ಮಿಗಿ?’ ಎಂದು ಕೇಳಿದಾಗ ಕೊಡೆ ಕೋಟನ್ನು ದಾಟಿ ಬರಿ ಗೋಡೆಯ ಮೇಲೆ ನಿಂತಿತು.

‘ಅದು ಕೋಟಿನ ಹೊರಗ ಅದರಿ. ಈಗೇ ಹೇಳೇನಿ, ನಾಳೆ ನನ್ನ ಬೈಬ್ಯಾಡ್ರಿ.’

ಅಪ್ಪ ಪಾಲಿಸಿ ಮಾಡಿಸಲಿಲ್ಲ. ಅವರು ಬೇಸರಿಸದೆ ಚಹಾ ಕುಡಿದು ಹೋದರು. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಗೂಟ ಹುಡುಕುತ್ತಿದ್ದರಂತೆ.

ಕೆಲವು ವರ್ಷಗಳ ನಂತರ ಅವರು ಹಾಸಿಗೆ ಹಿಡಿದರೆಂದು ತಿಳಿದು ಅವ್ವನೂ ನಾನೂ ನೋಡಲು ಹೋದೆವು. ‘ಏನಾಗ್ಯಾದ್ರಿ?’ ಎಂದು ಅವ್ವ ಕೇಳಿದಳು. ಮಾತಾಡಲು ಅವರಿಗೆ ಉಸಿರು ಸಾಲಲಿಲ್ಲ. ಮಂಚಕ್ಕೆ ಒರಗಿಸಿದ್ದ ಕೊಡೆ ಎತ್ತಿ, ಎದುರು ಗೂಟದಲ್ಲಿದ್ದ ಕೋಟಿನ ಪಕ್ಕದ ಬರಿ ಗೋಡೆಯನ್ನು ತೋರಿಸಿ ನಕ್ಕರು.

ಅವ್ವ ನಗಲಿಲ್ಲ. ಎದ್ದು ಹೋಗಿ, ಕೋಟಿನ ತೋಳನ್ನು ಅವರು ತೋರಿಸಿದ ಜಾಗದವರೆಗೆ ಎಳೆದು, ಅಲ್ಲೇ ಹಿಡಿದುಕೊಂಡು ನಿಂತಳು.