ವರ್ಲಾ ಯಾರನ್ನೂ ನಂಬಳು

ಟೋರ್ವಿಕ್ ಕಾಲೇಜು ಅಮೆರಿಕದ ಅಯೋವಾದ ನಮ್ಮೂರ ಕಾಲೇಜಿಗೆ ಇನ್ನೂ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ಬಾಕಿ ಇಟ್ಟಿದೆ ಎನ್ನುವುದು ವರ್ಲಾ ಡೈಕ್‌ಸ್ಟ್ರಾಳ ವಾದ. ಆ ದಿನ ಹಿಮಕ್ಕೆ ರಸ್ತೆ ಮುಚ್ಚಿತ್ತೆಂದು ಅವರು ಬರಲಿಲ್ಲ. "ಹಾಲಿನ ಲಾರಿ ಬಂತು, ಇವರ ಬಸ್ಸಿಗೇನು ಬಂದಿತ್ತು ದೊಡ್ರೋಗ?" ಆಕೆ ರೆಫರಿಯ ಶಿಳ್ಳೆ ನಂಬಳು, ಗಡಿಯಾರ ನಂಬಳು, ಟೋರ್ವಿಕ್‌ನವರು ಮಾರುವ ಪಾಪ್‌ಕಾರ್ನನ್ನು ಮೂಸದೆ ಬಾಯಿಗಿಡಳು, ಅವರ ಪಾದ್ರಿ ಪ್ರಾರ್ಥನೆಗೆ ನಿಂತರೆ ಒಂದೇ ಕಣ್ಣು ಮುಚ್ಚುತ್ತಾಳೆ. "ಅಮ್ಮಾ, ಮಾನ ತೆಗೀಬೇಡ" ಎಂದು ತಂಡದಲ್ಲಾಡುವ ಮಗಳು ಜೋಲೀನ್ ಗದರಿದರೆ, "ನೀನು ಚೆಂಡು ನೋಡ್ಕೋ, ಕಳ್ಳರನ್ನ ನಾನು ನೋಡ್ಕೋತೀನಿ" ಎನ್ನುತ್ತಾಳೆ. ಜೋಲೀನ್‌ಗಿದು ಕಾಲೇಜಿನಲ್ಲಿ ಕಡೆಯ ವರ್ಷ. ಗಾಲಿಕುರ್ಚಿಯಲ್ಲಿರುವ ಅವಳಪ್ಪನನ್ನು ಆಟ ನೋಡಲು ತಳ್ಳಿಕೊಂಡು ಹೋಗಬಹುದಾದ ಅಂಗಳ ನಮ್ಮೂರಿನದೊಂದೇ. ಆ ಪಂದ್ಯ ನಡೆಯದೆ ಈಗ ಅಂಕಪಟ್ಟಿಯಲ್ಲಿ ಎರಡೂ ತಂಡ ಸಮಸಮ. ಮೊದಲ ಶ್ರೇಯಾಂಕ ಯಾರಿಗೆ, ಅದರ ಜೊತೆಗೆ ಕೊನೆಯ ಟೂರ್ನಿ ಯಾರ ಊರಲ್ಲಿ ಎಂದು ನಾಳೆ ಕಾಲೇಜು ಕ್ರೀಡಾ ಸಂಘದ ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಂಡು ನಾಣ್ಯ ಚಿಮ್ಮುತ್ತಾರಂತೆ. ವರ್ಲಾಳನ್ನು ನೋಡಿ ನಗುವುದು ಆಮೇಲಿರಲಿ. ಮೊದಲು ನೀವೂ ಬನ್ನಿ, ಆ ಬಾಗಿಲು ತೆಗೆಸಿ.