ಗುಡಿಯ ಹೊರಗೆ ನಿಂತ ಜಾಮೀನುದಾರ

ಕಾರವಾರದ ಕೋಡಿಬಾಗದ ಕಡೆ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಸ್ವಲ್ಪ ಮೇಲೆ, ಮೀನುಗಾರರ ಒಂದು ಕೇರಿಯಿದೆ. ಆ ಕೇರಿಯ ದೇವಿದಾಸನನ್ನು ಮೊದಲ ಸಲ ನೋಡಿದವರು ಅವನಿಗೆ ಮಾತೇ ಬರುವುದಿಲ್ಲವೇನೋ ಎಂದುಕೊಳ್ಳುತ್ತಿದ್ದರು. ದಿನವಿಡೀ ದಂಡೆಯಲ್ಲಿ ಕೂತು ಹರಿದ ಬಲೆ ಹೆಣೆಯುವುದು ಅವನ ಕೆಲಸ. ಯಾರಾದರೂ ಮಾತಾಡಿಸಿದರೆ "ಹಾಂ" ಎನ್ನುತ್ತಿದ್ದ, ತೀರಾ ಉತ್ಸಾಹ ಬಂದರೆ "ಹೌದಪ್ಪ" ಎನ್ನುತ್ತಿದ್ದ. ಹೆಂಡತಿ ನೀಲಾ ಬದುಕಿದ್ದಾಗ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದೆಂದರೆ ರೇಡಿಯೊ ಒಂದೇ. ಮಕ್ಕಳಿರಲಿಲ್ಲ.

ಇಂಥ ಮನುಷ್ಯ ಜಟಗ ದೇವರ ಗುಡಿಯೊಳಗೆ ಕಾಲಿಟ್ಟರೆ ಮಾತ್ರ ಬೇರೆಯೇ ಆಗಿಬಿಡುತ್ತಿದ್ದ. ಆ ಕೇರಿಯಲ್ಲಿ ದೊಡ್ಡ ಕೆಲಸಕ್ಕೆ ಹೊರಟವರು ದೇವರ ಹತ್ತಿರ ತಮ್ಮ ಮಾತನ್ನು ತಾವೇ ಹೇಳಿಕೊಳ್ಳುವುದಿಲ್ಲ, ಅದಕ್ಕೊಬ್ಬ ಬೇಕು. ಅವನು ತೆಂಗಿನಕಾಯಿ ಹಿಡಿದು ನಿಂತು, ಇಂಥವರ ಮನೆಯವರು ಇಂಥ ಕೆಲಸಕ್ಕೆ ಬಂದಿದ್ದಾರೆ, ನಡೆಸಿಕೊಡು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಒಂದೊಂದು ಮಾತು ಮುಗಿದಾಗಲೂ ಸೇರಿದವರು "ಹೋಯ್ ಮಹಾರಾಜಾ" ಎನ್ನಬೇಕು. ಇದಕ್ಕೆ ಗಾರಾಣೆ ಹಾಕುವುದು ಎನ್ನುತ್ತಾರೆ. ದೇವಿದಾಸನ ಅಜ್ಜ ಹಾಕುತ್ತಿದ್ದ, ಅಪ್ಪ ಹಾಕುತ್ತಿದ್ದ, ಆಮೇಲೆ ಇವನಿಗೆ ಬಂತು. ಹೊರಗೆ ಏಳದ ನಾಲಿಗೆ ಅಲ್ಲಿ ಎಲ್ಲಿಯೂ ತಡೆಯುತ್ತಿರಲಿಲ್ಲ.

ಅದೇ ಅವನ ಬಳಗವೂ ಆಗಿತ್ತು ಎನ್ನಬೇಕು. ಹೊಸ ದೋಣಿ ಇಳಿಸುವವರು, ಮಗಳಿಗೆ ಗಂಡು ನೋಡುವವರು, ಗೋವೆಯ ಬೋಟಿಗೆ ಕೆಲಸಕ್ಕೆ ಹೊರಟವರು, ಎಲ್ಲರೂ ಸಂಜೆ ಅವನ ಜಗುಲಿಗೆ ಬಂದು ಕೂರುತ್ತಿದ್ದರು. ಅವರ ಮನೆಯ ಒಳಗುಟ್ಟೆಲ್ಲ ಅವನಿಗೆ ಹೇಳಲೇಬೇಕಿತ್ತು, ಹೇಳದಿದ್ದರೆ ಅವನು ದೇವರಿಗೆ ಏನೆಂದು ಹೇಳಬೇಕು? ಹಾಗೆ ಕೇರಿಯ ಅರ್ಧ ಸಂಸಾರಗಳಲ್ಲಿ ದೇವಿದಾಸನಿಗೊಂದು ಮಣೆ ಇತ್ತು. ಅವನಿಗೂ ಅದು ಚೆನ್ನಾಗಿ ಗೊತ್ತಿತ್ತು. ಗಾರಾಣೆ ಇಲ್ಲದಿದ್ದರೆ ತನ್ನನ್ನು ಕೇಳುವವರು ಯಾರು ಎಂದು ಒಮ್ಮೊಮ್ಮೆ ಯೋಚಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಡುತ್ತಿದ್ದ.

ಅಪ್ಪ ಅವನಿಗೆ ಈ ಕೆಲಸ ಕೊಡುವಾಗ ಒಂದು ಮಾತು ಹೇಳಿದ್ದ. ಇನ್ನೊಬ್ಬರ ಪರವಾಗಿ ದೇವರಿಗೆ ಮಾತು ಕೊಟ್ಟ ಮೇಲೆ ಅದಕ್ಕೆ ಜಾಮೀನು ನೀನೇ, ಅವರು ತಪ್ಪಿದರೆ ನೀನು ನಿಲ್ಲಬೇಕು ಎಂದು. ಅಪ್ಪನ ಕಾಲದಲ್ಲಿ ಹಾಗೆ ನಿಲ್ಲುವ ಪ್ರಸಂಗ ಬರಲಿಲ್ಲ. ದೇವರ ಎದುರು ಆಡಿದ ಮಾತಿಗೆ ಜನ ಹೆದರುತ್ತಿದ್ದ ಕಾಲ ಅದು.

ಎರಡು ಸಾವಿರದ ಏಳರಲ್ಲಿ ನಗರಸಭೆಯ ಚುನಾವಣೆ ಬಂತು. ಚುನಾವಣೆ ಬಂತೆಂದರೆ ನಮ್ಮ ಕಡೆ ದೇವರಿಗೂ ಪುರುಸೊತ್ತಿರುವುದಿಲ್ಲ. ಆ ವಾರ್ಡಿಗೆ ಒಂದು ಪಕ್ಷದವರು ಸಂದೇಶ ಎಂಬ ತರುಣನನ್ನು ನಿಲ್ಲಿಸಿದರು. ಕೇರಿಯ ಹುಡುಗನೇ, ಸಣ್ಣಪುಟ್ಟ ಗುತ್ತಿಗೆ ಮಾಡಿಕೊಂಡು ಮೇಲೆ ಬಂದವನು, ನಗುಮುಖದವನು. ಹಿಂದಿನವರು ಮನೆ ತೆರಿಗೆ ಏರಿಸಿ ಹೋಗಿದ್ದರಿಂದ ಜನ ಸಿಟ್ಟಾಗಿದ್ದರು. ಅದನ್ನು ನೋಡಿಯೇ ಇವನ ಪಕ್ಷ, ಗೆದ್ದರೆ ಐದು ವರ್ಷ ಮನೆ ತೆರಿಗೆ ಏರಿಸುವುದಿಲ್ಲ ಎಂದು ಗೋಡೆಗೋಡೆಗೂ ಅಂಟಿಸಿತು. ಜನ ಓದಿ ನಕ್ಕರು. ಆಗ ಸಂದೇಶ ತೆಂಗಿನಕಾಯಿ ಹಿಡಿದುಕೊಂಡು ದೇವಿದಾಸನ ಜಗುಲಿಗೆ ಬಂದ.

"ಮಾಮಾ, ನಾಳೆ ಗಾರಾಣೆ ಹಾಕ್ಬೇಕು. ತೆರಿಗೆ ಮಾತು ದೇವರ ಎದುರೇ ಆಗಿಹೋಗ್ಲಿ. ಜನ ನನ್ನ ನಂಬೂದಿಲ್ಲ, ನಿಮ್ಮ ನಂಬ್ತಾರೆ."

"ತಪ್ಪಿದ್ರೆ?" ಎಂದು ದೇವಿದಾಸ ಕೇಳಿದ.

"ತಪ್ಪೂದೆಂತಕೆ? ಪಕ್ಷವೇ ಹೇಳಿದ್ದು. ತಪ್ಪಿದವನಿಗೆ ಶಿಕ್ಷೆ ನಿಮಗೆ ಸರಿ ಕಂಡದ್ದು ಹಾಕಿ."

ಮರುದಿನ ಗುಡಿಯ ಅಂಗಳ ಸುತ್ತಿನ ಪಾಗಾರದ ಗೋಡೆಯ ತನಕ ತುಂಬಿತ್ತು. ದೇವಿದಾಸ ಸಂದೇಶನ ಹೆಸರು, ಮನೆತನ ಎಲ್ಲ ಹೇಳಿ, ತೆರಿಗೆಯ ಮಾತನ್ನು ದೇವರ ಎದುರಿಗಿಟ್ಟ. ಕೊನೆಗೆ, "ಈ ಮಾತಿಗೆ ತಪ್ಪಿದವನು ಹತ್ತು ಜನರ ಎದುರು ಕಾಯಿ ಒಡೆದು ತಪ್ಪು ಒಪ್ಪಿಕೊಳ್ಳುವ ತನಕ ನಿನ್ನ ಪಾಗಾರದೊಳಗೆ ಬರಬಾರದು, ಮಹಾರಾಜಾ" ಎಂದ. ಇಡೀ ಅಂಗಳ "ಹೋಯ್ ಮಹಾರಾಜಾ" ಎಂದಿತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಸಂದೇಶನೇ.

ಅವನು ಗೆದ್ದ. ಅವನ ಪಕ್ಷವೂ ಗೆದ್ದಿತು. ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಗರಸಭೆಯಲ್ಲಿ ತೆರಿಗೆ ಏರಿಸುವ ವಿಷಯ ಬಂದಾಗ ಪಕ್ಷದವರೆಲ್ಲ ಕೈ ಎತ್ತಿದರು, ಅವರ ಜೊತೆ ಸಂದೇಶನೂ ಎತ್ತಿದ. ಇದು ಏರಿಕೆಯಲ್ಲ, ದರ ಸರಿಪಡಿಸಿದ್ದು ಎಂದು ಪಕ್ಷದ ಮುಖಂಡರು ಪತ್ರಿಕೆಗೆ ಹೇಳಿದರು. ಸರಿಪಡಿಸಿದ ದರದ ಬಿಲ್ಲು ಕೇರಿಯ ಮನೆಮನೆಗೂ ಬಂತು.

ಸಂದೇಶ ಮಾತು ತಪ್ಪಿದ ಎಂದು ಯಾರಿಗೂ ಆಶ್ಚರ್ಯವಾಗಲಿಲ್ಲ. ರಾಜಕೀಯದವನು, ಇಷ್ಟೇ, ಎಂದು ಬೈದು ಮುಗಿಸಿದರು. ಅವರಿಗೆ ನೋವಾದದ್ದು ದೇವಿದಾಸ ಹೇಳಿದ್ದು ಸುಳ್ಳಾಯಿತಲ್ಲ ಎಂದು. ಬಲೆ ಕೊಡಲು ಬಂದ ಮಾಸ್ತಿ ಎಂಬವನು, "ಏನು ದೇವಿದಾಸಣ್ಣ, ಜಟಗನಿಗೂ ಬಿಲ್ಲು ಬಂತಾ?" ಎಂದು ಕೇಳಿದ. ತಮಾಷೆಗೇ ಕೇಳಿದ್ದು. ದೇವಿದಾಸ ಕೈಯಲ್ಲಿದ್ದ ಬಲೆಯನ್ನು ಮಡಚಿಟ್ಟ.

ಅವತ್ತೇ ಅವನು ಸಂದೇಶನ ಮನೆಗೆ ಹೋದ. ಹೊಸ ಮನೆ, ಹೊಸ ಸೋಫಾ. ದೇವಿದಾಸ ಬಾಗಿಲ ಹತ್ತಿರವೇ ನಿಂತ.

"ನಾನೊಬ್ಬನೇ ಕೈ ಎತ್ತಿದ್ದಲ್ಲ ಮಾಮಾ," ಎಂದ ಸಂದೇಶ. "ಮೇಲಿನವರು ಹೇಳಿದ್ರು, ಎತ್ತಿದೆ. ಎತ್ತದಿದ್ರೆ ಮುಂದಿನ ಸಲ ಟಿಕೆಟ್ಟೇ ಇಲ್ಲ."

"ಅದು ನಂಗೆ ಬೇಡ. ಬಂದು ಕಾಯಿ ಒಡೆದು ತಪ್ಪಾಯ್ತು ಅನ್ನು. ಬಿಡುಗಡೆ ಮಾತು ನಾ ಹೇಳ್ತೆ."

"ಹತ್ತು ಜನರ ಎದುರಿಗಾ? ನಾಳೆ ಪೇಪರಿಗೆ ಬರ್ತದೆ. ಪಕ್ಷದವರು ನನ್ನ ಸುಮ್ಮನೆ ಬಿಡ್ತಾರಾ?" ಸಂದೇಶ ನಕ್ಕು, ಅವನ ಹೆಗಲ ಮೇಲೆ ಕೈಯಿಟ್ಟ. "ಚುನಾವಣೆ ಮಾತು ಮಾಮಾ ಅದು. ದೇವರಿಗೆ ಗೊತ್ತಾಗೂದಿಲ್ವಾ? ಬೇಕಾದ್ರೆ ಗುಡಿಗೆ ಟೈಲ್ಸ್ ಹಾಕಿಸಿಕೊಡ್ತೆ."

ದೇವಿದಾಸ ಮನೆಗೆ ಬಂದ. ತಪ್ಪಿದವನು ಹೊರಗೆ ನಿಲ್ಲುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಹಾಗಾದರೆ ಜಾಮೀನು ನಿಂತವನು ನಿಲ್ಲಬೇಕು. ಅವನ ಲೆಕ್ಕ ಇಷ್ಟು ಸರಳವಾಗಿತ್ತು. ಮರುದಿನದಿಂದ ಗುಡಿಯ ತನಕ ಬಂದು, ಪಾಗಾರದ ಆಚೆ ರಸ್ತೆಯ ಮಗ್ಗುಲಲ್ಲೇ ಕೈಮುಗಿದು ಹಿಂದೆ ಹೋಗತೊಡಗಿದ. ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಅಭ್ಯಾಸವಿದ್ದರೆ ತಾನೇ?

ಮೊದಮೊದಲು ಜನ ಬೇಡಿಕೊಂಡರು. ಯಾರೋ ಮಾಡಿದ್ದಕ್ಕೆ ನೀನ್ಯಾಕೆ ಸಾಯ್ತೆ, ಒಳಗೆ ಬಾ ಮಾರಾಯ, ಎಂದರು. ಅವನು "ಹಾಂ" ಎಂದು ಸುಮ್ಮನಾಗುತ್ತಿದ್ದ. ಆಮೇಲೆ ಅವರಿಗೂ ಬೇಸರ ಬಂತು. ನಿಜ ಹೇಳಬೇಕೆಂದರೆ, ಮಾತು ಉಳಿಸಿಕೊಳ್ಳುವವನ ಪಕ್ಕದಲ್ಲಿ ಬದುಕುವುದು ಸುಲಭವಲ್ಲ. ದಿನಾ ಕಣ್ಣೆದುರು ನಿಂತು ಅವನು ಎಲ್ಲರಿಗೂ ಏನನ್ನೋ ನೆನಪಿಸುತ್ತಿರುತ್ತಾನೆ.

ದೊಡ್ಡ ಪೆಟ್ಟು ಬಿದ್ದದ್ದು ನೀತಾಳಿಂದ. ನೀತಾ ಅವನ ಹೆಂಡತಿಯ ತಂಗಿ, ಮೀನು ಮಾರುವವಳು, ಎರಡು ಮನೆಯಾಚೆ ಇರುವವಳು. ಅಕ್ಕ ಹೋದಾಗಿನಿಂದ ಭಾವನಿಗೆ ಬಂಗಡೆ ಸಾರನ್ನೋ ಒಣಮೀನಿನ ಚಟ್ನಿಯನ್ನೋ ಕಳಿಸದೆ ತಾನು ಉಣ್ಣುತ್ತಿರಲಿಲ್ಲ. ಅವಳ ಮಗಳು ಸಪ್ನಾಳಿಗೆ ಅಂಕೋಲೆಯ ಭಾವಿಕೇರಿಯಲ್ಲಿ ಸಂಬಂಧ ಕೂಡಿಬಂತು. ಸಪ್ನಾ ಹುಟ್ಟಿದಾಗ, ಶಾಲೆಗೆ ಹೋದಾಗ, ಜ್ವರ ಬಂದಾಗ ಎಲ್ಲ ದೇವಿದಾಸನೇ ಗಾರಾಣೆ ಹಾಕಿದ್ದು. ಮದುವೆಯ ಮಾತು ಹಾಕಲು ನೀತಾ ಕರೆಯಲು ಬಂದಳು.

"ನಾ ಒಳಗೆ ಬರೂದಿಲ್ಲ ನೀತಾ," ಎಂದ ಅವನು.

"ಸಪ್ನಾನ ಮದುವೆ ಭಾವ. ಊರವರದ್ದಲ್ಲ."

"ಗೊತ್ತು."

"ಸಂದೇಶ ದಿನಾ ಒಳಗೆ ಹೋಗಿ ಹೂ ಮುಡಿಸಿ ಬರ್ತಾನೆ. ನೀವು ಹೊರಗೆ ನಿಂತ್ರೆ ಯಾರಿಗೆ ಶಿಕ್ಷೆ? ನಂಗೇ ಅಲ್ವಾ?"

ಅವನು ಕೈಯಲ್ಲಿದ್ದ ಬಲೆಯ ಹರಿದ ಕಣ್ಣೊಂದನ್ನು ಹೆಣೆಯತೊಡಗಿದ. ನೀತಾ ಸೆರಗಿನಿಂದ ಮುಖ ಒರೆಸಿಕೊಂಡು, "ಅಕ್ಕ ಇದ್ದಿದ್ರೆ ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗ್ತಿದ್ಲು" ಎಂದು ಹೇಳಿ ಎದ್ದುಹೋದಳು.

ಮದುವೆಯ ದಿನ ಸಪ್ನಾಳ ಪರವಾಗಿ ಕಾಶಿ ಎಂಬವನು ಮಾತು ಹಾಕಿದ. ಕಾಶಿಗೆ ಅರ್ಧ ಬರುತ್ತಿತ್ತು, ಉಳಿದರ್ಧ ಅವನೇ ಕಟ್ಟಿದ. ಹುಡುಗಿಯ ಅಜ್ಜನ ಹೆಸರನ್ನೇ ಬಿಟ್ಟ. ಹೊರಗೆ ನಿಂತಿದ್ದ ದೇವಿದಾಸ ಆ ಹೆಸರನ್ನು ತನ್ನಷ್ಟಕ್ಕೆ ಹೇಳಿಕೊಂಡ. ಒಳಗಿನವರಿಗೆ ಯಾವ ಕೊರತೆಯೂ ಕಾಣಲಿಲ್ಲ, "ಹೋಯ್ ಮಹಾರಾಜಾ" ಎಂದು ಎಂದಿನಂತೆಯೇ ಕೂಗಿದರು. ಸಪ್ನಾ ಭಾವಿಕೇರಿಗೆ ಹೋಗಿ ಸುಖವಾಗಿಯೇ ಇದ್ದಳು. ತಾನಿಲ್ಲದೆಯೂ ಎಲ್ಲ ನಡೆಯುತ್ತದೆ ಎಂದು ಗೊತ್ತಾದದ್ದೇ ದೇವಿದಾಸನನ್ನು ಹೆಚ್ಚು ಒಂಟಿಯಾಗಿಸಿತು. ನಡೆಯದೆ ನಿಂತಿದ್ದರೆ ಜನ ಮತ್ತೆ ಬರುತ್ತಿದ್ದರೇನೋ.

ನೀತಾಳ ಮನೆಯಿಂದ ಸಾರು ಬರುವುದು ನಿಂತಿತು. ಸಂಜೆ ಜಗುಲಿಗೆ ಬರುವವರು ಕಾಶಿಯ ಜಗುಲಿಗೆ ಹೋದರು. ಬಲೆ ಕೊಡುವವರು ಕೊಟ್ಟು, ಹೆಣೆದಾದ ಮೇಲೆ ಒಯ್ದರು, ಅಷ್ಟೇ. ಒಂದೊಂದು ದಿನ ಬೆಳಗಿನಿಂದ ಸಂಜೆಯ ತನಕ ಅವನ ಬಾಯಿಂದ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಒಮ್ಮೆ ಅಕ್ಕಿ ಅಂಗಡಿಯಲ್ಲಿ ಏನು ಬೇಕೆಂದು ಕೇಳಿದಾಗ ದನಿಯೇ ಬಾರದೆ ಕೆಮ್ಮಬೇಕಾಯಿತು. ಗುಡಿಗೆ ಟೈಲ್ಸ್ ಬಿತ್ತು, ಸಂದೇಶನ ಹೆಸರಿನ ಕಲ್ಲೂ ಬಿತ್ತು. ಟೈಲ್ಸಿನ ಬಣ್ಣ ಯಾವುದೆಂದು ದೇವಿದಾಸ ನೋಡಲಿಲ್ಲ, ರಸ್ತೆಯಿಂದ ಅದು ಕಾಣುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಲೋಕಸಭೆಯ ಚುನಾವಣೆ ಬಂತು. ಪಕ್ಷದ ದೊಡ್ಡವರು ಕೋಡಿಬಾಗದ ಪ್ರಚಾರವನ್ನು ಜಟಗನಿಗೆ ಕಾಯಿ ಒಡೆದೇ ಶುರುಮಾಡುವವರಿದ್ದರು. ಹಿಂದಿನ ದಿನ ಮಧ್ಯಾಹ್ನ, ಬಿಸಿಲಿಗೆ ಹೆದರಿ ನಾಯಿ ಕೂಡ ಹೊರಬರದ ಹೊತ್ತಿನಲ್ಲಿ, ಸಂದೇಶ ದಂಡೆಗೆ ಬಂದು ದೇವಿದಾಸನ ಪಕ್ಕ ಮರಳಿನ ಮೇಲೇ ಕೂತ. ಬಿಳಿ ಪ್ಯಾಂಟು ಹೊಲಸಾಗುವುದನ್ನೂ ನೋಡಲಿಲ್ಲ.

"ನಾಳೆ ಸಾಹೇಬರು ಬರ್ತಾರೆ ಮಾಮಾ. ಗಾರಾಣೆ ನೀವೇ ಹಾಕ್ಬೇಕು. ನೀವು ರಸ್ತೆ ಮೇಲೆ ನಿಂತದ್ದು ಕಂಡ್ರೆ ಜನಕ್ಕೆ ತೆರಿಗೆ ನೆನಪಾಗ್ತದೆ, ಕಾರ್ಯಕರ್ತರು ನನ್ನ ಬೈತಾರೆ. ಸಾಕಾಗಿದೆ ನಂಗೆ."

"ಬಿಡುಗಡೆ ಆಗ್ಲಿಲ್ಲ," ಎಂದ ದೇವಿದಾಸ.

"ಈಗಲೇ ಹೋಗಿ ಹೇಳ್ತೆ. ತಪ್ಪಾಯ್ತು ಅಂತ ಹೇಳ್ತೆ. ಬನ್ನಿ."

ದೇವಿದಾಸ ಬಲೆಯ ಸೂಜಿ ಕೆಳಗಿಟ್ಟು ಅವನ ಹಿಂದೆ ಹೋದ. ಹತ್ತು ಜನ ಇರಲಿಲ್ಲ, ಒಬ್ಬನೂ ಇರಲಿಲ್ಲ. ಆದರೂ ಹೋದ, ಅವನಿಗೆ ಅಷ್ಟು ಆಸೆಯಾಗಿತ್ತು. ಸಂದೇಶ ಪಾಗಾರದೊಳಗೆ ಹೋಗಿ, ಗುಡಿಯ ಮೆಟ್ಟಿಲು ಹತ್ತಿ ಮರೆಯಾದ. ದೇವಿದಾಸ ರಸ್ತೆಯಲ್ಲಿ ನಿಂತು ಕಿವಿಗೊಟ್ಟ. ಕಾಯಿ ಒಡೆದ ಸದ್ದು ಕೇಳಿತು. ಮಾತೊಂದೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸಂದೇಶ ಹಣೆಗೆ ಕುಂಕುಮ ಹಚ್ಚಿಕೊಂಡು ಹೊರಗೆ ಬಂದ.

"ಆಯ್ತು ಮಾಮಾ. ಹೇಳಿದೆ. ಬನ್ನಿ ಒಳಗೆ."

ದೇವಿದಾಸ ಒಂದು ಕಾಲು ಎತ್ತಿಯೇ ಬಿಟ್ಟಿದ್ದ. ಇದೊಂದು ಮಾತನ್ನು ನಂಬಿದರೆ ಸಾಕು, ನಾಳೆ ಅಂಗಳದ ತುಂಬ ಜನ, ನಾಡಿದ್ದು ಜಗುಲಿಯ ತುಂಬ ಜನ, ಅದರ ಮರುದಿನ ನೀತಾ. ನಂಬಬೇಕೆಂದು ತನಗೆ ಇಷ್ಟು ಆಸೆಯಾಗುತ್ತಿರುವುದನ್ನು ನೋಡಿ ಅವನಿಗೇ ಹೆದರಿಕೆಯಾಯಿತು.

"ತಪ್ಪಾಯ್ತು ಅಂದ್ಯಾ?"

"ಅಂದೆ."

"ಯಾವುದಕ್ಕೆ ಅಂದೆ?"

ಸಂದೇಶ ಒಂದು ಗಳಿಗೆ ಅವನ ಮುಖ ನೋಡಿ, ನದಿಯ ಕಡೆ ತಿರುಗಿದ. "ಎಲ್ಲದಕ್ಕೂ," ಎಂದ.

ದೇವಿದಾಸ ಕಾಲು ಹಿಂದೆ ತೆಗೆದ. ಅವನಿಗೆ ಸಿಟ್ಟು ಬರಲಿಲ್ಲ. ಈ ಹುಡುಗನಿಗೆ ತನ್ನ ತಪ್ಪನ್ನು ಹೆಸರಿಟ್ಟು ಹೇಳಲೂ ಬಾಯಿ ಬರುವುದಿಲ್ಲವಲ್ಲ ಎಂದು ಕನಿಕರದಂಥದ್ದೇನೋ ಬಂತು. "ನಾ ಇಲ್ಲೇ ನಿಲ್ತೆ ಸಂದೇಶಾ. ನಾಳೆ ಕಾಶಿನ ಕರಿ," ಎಂದ.

ಸಂದೇಶ ಹೋದ. ಹೋಗುವಾಗ ಏನೋ ಗೊಣಗಿದ, ಅದನ್ನು ದೇವಿದಾಸ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ನಡೆದದ್ದನ್ನು ಯಾರಿಗಾದರೂ ಹೇಳಬೇಕೆಂದು ಅವನಿಗೆ ಎಂದೂ ಇಲ್ಲದ ಆಸೆಯಾಯಿತು. ಕಾಲು ತಾನಾಗಿ ನೀತಾಳ ಮನೆಯ ಕಡೆ ನಡೆಯಿತು. ಬಾಗಿಲು ತೆರೆದೇ ಇತ್ತು. ಒಳಗೆ ಅವಳು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅಂಗಳದಲ್ಲಿ ನಿಂತು ಏನು ಹೇಳಲಿ ಎಂದು ಯೋಚಿಸಿದ. ಇಷ್ಟು ದೊಡ್ಡ ಮನುಷ್ಯರು ಕರೆದರೂ ನಾನು ಒಳಗೆ ಹೋಗಲಿಲ್ಲ ನೀತಾ, ಎನ್ನಬಹುದಿತ್ತು. ಆಗ ಅವಳು, ನನ್ನ ಸಪ್ನಾ ಕರೆದಾಗಲೂ ನೀವು ಬರಲಿಲ್ಲವಲ್ಲ ಭಾವ, ಸಂದೇಶನೂ ಸಪ್ನಾಳೂ ನಿಮಗೆ ಒಂದೇ ಆದರಾ, ಎಂದು ಕೇಳುತ್ತಾಳೆ. ಗುಡಿಯೊಳಗಾಗಿದ್ದರೆ ಅದಕ್ಕೊಂದು ಉತ್ತರ ಹೊಳೆಯುತ್ತಿತ್ತೇನೋ, ಇಲ್ಲಿ ಹೊಳೆಯಲಿಲ್ಲ. ಒಳಗಿನಿಂದ "ಯಾರು?" ಎಂದು ನೀತಾ ಕೂಗಿದಳು. ಅವನು ಸದ್ದಾಗದಂತೆ ತನ್ನ ಮನೆಗೆ ಹೋದ.