ಹೆಸರು ಹೊಂದುತ್ತಿಲ್ಲ

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಾನು “ಒತ್ತಿ” ಅಂದೆ, ಅಕ್ಕ ಒತ್ತಿದರು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ಬ್ಯಾಂಕಿನ ದಾಖಲೆಯಿಂದ. ಹಣ ಹೋದ ನಿಮಿಷ ಅದರಲ್ಲಿದೆ, ನನ್ನ ಮಾತು ಇಲ್ಲ.

ಅಕ್ಕ ಎಂದರೆ ಲಂಡನ್ನಿನ ಹೇಸ್‌ನಲ್ಲಿ ನನ್ನ ಪಕ್ಕದ ಮನೆಯವರು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಗಂಡ ತೀರಿಕೊಂಡಿದ್ದಾರೆ. ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯ ಚಳಿಯಲ್ಲಿ ಹದಿನಾಲ್ಕು ವರ್ಷ ನಿಂತು ಹದಿನೆಂಟು ಸಾವಿರ ಪೌಂಡ್ ಉಳಿಸಿದ್ದರು. ಬಾಡಿಗೆ ಮನೆ ಬಿಟ್ಟು ತಮ್ಮದೇ ಒಂದು ಸಣ್ಣ ಫ್ಲ್ಯಾಟ್ ಕೊಳ್ಳಲು ಅದು ಮುಂಗಡ. ಬಡ್ಡಿ ಮಾತ್ರ ನೂರಕ್ಕೆ ಅರ್ಧ ಪೌಂಡೂ ಬರುತ್ತಿರಲಿಲ್ಲ. ಊರಿನ ಸೊಸೈಟಿಯಲ್ಲಿಟ್ಟಿದ್ದರೂ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು ಎಂದು ಸದಾ ಗೊಣಗುತ್ತಿದ್ದರು.

ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವಳು, ಪಕ್ಕದ ಹೌನ್ಸ್ಲೋದಲ್ಲಿ ಐಟಿ ಕೆಲಸ. ಬಡ್ಡಿ ಹೋಲಿಸುವ ವೆಬ್‌ಸೈಟುಗಳನ್ನು ವಾರವಾರವೂ ನೋಡುವ ಚಟವಿತ್ತು. ಕಾಲು ಪರ್ಸೆಂಟ್ ಹೆಚ್ಚು ಸಿಕ್ಕರೆ ಖಾತೆ ಬದಲಿಸಿ, ಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದೆ. ಹಾಗೆ ಹುಡುಕುವಾಗ ಪರಿಚಿತ ಬ್ಯಾಂಕೊಂದರ ಜಾಹೀರಾತು ಕಂಡಿತು: ಒಂದು ವರ್ಷದ ಠೇವಣಿಗೆ ನೂರಕ್ಕೆ ಎರಡೂವರೆ. ಅಕ್ಕನಿಗೆ ತೋರಿಸಿದ್ದು ನಾನೇ. ಅದರಲ್ಲಿದ್ದ ನಂಬರಿಗೆ ಅಕ್ಕ ಕರೆ ಮಾಡಿದಾಗ ಫೋನಿನಲ್ಲಿದ್ದವನು ಮರ್ಯಾದೆಯಿಂದ ಮಾತಾಡಿದ. ಖಾತೆ ನಿಮ್ಮ ಹೆಸರಿನಲ್ಲೇ ತೆರೆದಿದೆ, ಹಣ ಕಳಿಸುವಾಗ ನಿಮ್ಮ ಹೆಸರನ್ನೇ ಹಾಕಿ ಎಂದ.

ನನ್ನ ಅಡುಗೆಮನೆಯ ಮೇಜಿನಲ್ಲಿ ಕೂತು ಅಕ್ಕ ಹಾಗೆಯೇ ಹಾಕಿದರು. ಪರದೆಯ ಮೇಲೆ ಎಚ್ಚರಿಕೆ ಬಂತು: ಈ ಹೆಸರು ಖಾತೆಯ ಹೆಸರಿಗೆ ಹೊಂದುತ್ತಿಲ್ಲ.

ಬೆರಳು ಹಿಂದಕ್ಕೆ ತೆಗೆದರು. “ಇದೆಂತ ಮಾರಾಯ್ತಿ, ನಾನು ನಾನೇ ಅಲ್ಲ ಹೇಳ್ತದಲ್ಲ?”

ನಾನು ನಕ್ಕೆ. ಈ ದೇಶದಲ್ಲಿ ನಮ್ಮ ಹೆಸರುಗಳು ಯಾವತ್ತು ಹೊಂದಿದ್ದವು? ನನಗೆ ಮನೆತನದ ಹೆಸರಿಲ್ಲ. ಇನಿಷಿಯಲ್ ಬಿಡಿಸಿ ಬರೆದದ್ದರಿಂದ ಜಿಪಿ ಡಾಕ್ಟರ ಹತ್ತಿರ ಹೋದರೆ ಅಪ್ಪನ ಹೆಸರು ಹಿಡಿದು ನನ್ನನ್ನು ಕರೆಯುತ್ತಾರೆ. ಅಕ್ಕನ ಮನೆತನದ ಹೆಸರಿನ ನಡುವೆ ಒಂದು ಅಪಾಸ್ಟ್ರಫಿ ಚುಕ್ಕೆ ಇದೆ. ಪಾಸ್‌ಪೋರ್ಟಿನಲ್ಲಿ ಅದು ಉಂಟು, ಸಂಬಳದ ಚೀಟಿಯಲ್ಲಿಲ್ಲ. ಇಂಥ ಎಚ್ಚರಿಕೆಯನ್ನು ಇಬ್ಬರೂ ಎಷ್ಟೋ ಸಲ ದಾಟಿದ್ದೆವು.

“ಆ ಚುಕ್ಕೆಯದೇ ಗಲಾಟೆ ಅಷ್ಟೆ. ಒತ್ತಿ ಅಕ್ಕ, ಏನೂ ಆಗಲ್ಲ.”

ಸೋಮವಾರ ಆ ಫೋನ್ ನಂಬರೇ ಇರಲಿಲ್ಲ. ಬ್ಯಾಂಕಿನ ನಿಜವಾದ ನಂಬರಿಗೆ ಕರೆ ಮಾಡಿದರೆ, ಅಂಥ ಠೇವಣಿ ತಮ್ಮಲ್ಲಿಲ್ಲ, ಯಾರೋ ತಮ್ಮ ಹೆಸರು ಬಳಸಿಕೊಂಡಿದ್ದಾರೆ ಎಂದರು.

ಅಕ್ಕನ ಬ್ಯಾಂಕಿನವರು ವಿಚಾರಿಸಲು ಕರೆ ಮಾಡಿದಾಗ ಸ್ಪೀಕರ್ ಹಾಕಿಕೊಂಡು ಇಬ್ಬರೂ ಕೂತಿದ್ದೆವು. ಎಚ್ಚರಿಕೆ ಓದಿದಿರಾ ಎಂದು ಕೇಳಿದರು. ಓದಿದೆ ಎಂದರು ಅಕ್ಕ. ಆದರೂ ಮುಂದುವರಿಯಲು ಯಾರಾದರೂ ಹೇಳಿದರೇ? ಅಕ್ಕ ನನ್ನನ್ನು ನೋಡಿದರು. ನಾನು ಟೀ ಲೋಟ ನೋಡಿದೆ. ಇಲ್ಲ, ನಾನೇ ಒತ್ತಿದ್ದು ಎಂದರು. ನನ್ನನ್ನೂ ಮೋಸಗಾರರ ಜೊತೆ ಸೇರಿಸಿಯಾರು, ವೀಸಾಕ್ಕೆ ತೊಂದರೆಯಾದೀತು ಎಂದು ಆ ಅರೆಗಳಿಗೆಯಲ್ಲಿ ನಾನು ಯೋಚಿಸಿಯಾಗಿತ್ತು.

ಎಚ್ಚರಿಕೆ ಕಡೆಗಣಿಸಿದ್ದರಿಂದ ಕಳೆದ ಹಣ ತುಂಬಿಕೊಡಲಾಗದು ಎಂದು ಬ್ಯಾಂಕಿನಿಂದ ಪತ್ರ ಬಂತು. ಅಕ್ಕ ಬೈಯಲಿಲ್ಲ. ಭಾನುವಾರವೂ ಶಿಫ್ಟ್ ಹಾಕಿಸಿಕೊಂಡರು, ಚರ್ಚು ತಪ್ಪಿತು. ನನಗೆ ದಿನವೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಹಿಂದಕ್ಕೆ ಹೋದ ಆ ಬೆರಳು ಕಾಣುತ್ತಿತ್ತು. ಅದು ಸರಿಯಾಗಿಯೇ ಹೆದರಿತ್ತು.

ಮೂರು ವಾರವಾದ ಮೇಲೆ ಅಕ್ಕನ ಬ್ಯಾಂಕಿಗೆ ನಾನೇ ಬರೆದೆ. ಒತ್ತಲು ಹೇಳಿದವಳು ನಾನು, ಯಾಕೆ ಹೇಳಿದೆ, ಕೇಳಿದಾಗ ಯಾಕೆ ಸುಮ್ಮನಿದ್ದೆ, ಎಲ್ಲವನ್ನೂ. ನಮ್ಮ ಹೆಸರುಗಳು ಬೇರೆ ಬೇರೆಯಾಗಿ ಅಚ್ಚಾದ ಕಾಗದಗಳನ್ನೂ, ಅಕ್ಕನವನ್ನು ಅವರಿಂದಲೇ ಕೇಳಿ ಪಡೆದು, ಸೇರಿಸಿದೆ. ಹೊಣೆ ಅರ್ಧ ತಮ್ಮದೂ ಎಂದು ಅವರು ಒಪ್ಪಿ, ಎರಡು ತಿಂಗಳಿಗೆ ಅರ್ಧ ಹಣ ಮರಳಿ ಬಂತು.

ಉಳಿದರ್ಧವನ್ನು ತಿಂಗಳಿಗೆ ಮುನ್ನೂರರಂತೆ ನಾನು ಕೊಡುತ್ತೇನೆ ಎಂದು ಹೇಳಲು ಹೋದೆ. ಬೇಡ ಅನ್ನುತ್ತಾರೆ ಎಂದುಕೊಂಡೇ ಹೋಗಿದ್ದೆ, ಅದನ್ನೂ ಬರೆಯಬೇಕು. ಬೇಡ ಅಂದಿದ್ದರೆ ನನಗೆ ಕ್ಷಮೆಯೂ ಸಿಗುತ್ತಿತ್ತು, ದುಡ್ಡೂ ಉಳಿಯುತ್ತಿತ್ತು.

ಮೀನು ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಿದರು. “ಕೊಡು. ಬೇಡ ಹೇಳುದಿಲ್ಲ ನಾನು. ನನಗೆ ಮನೆ ಬೇಕು.” ಮೀನಿನ ತಟ್ಟೆ ಬದಿಗೆ ಸರಿಸಿ, “ಅವತ್ತು ಫೋನಲ್ಲಿ ನೀನು ಮಾತಾಡ್ತಿ ಅಂತ ಕಾದೆ” ಎಂದರು.

ಗೊತ್ತಿತ್ತು ಎಂದೆ. ಅವರು ಮತ್ತೆ ನಲ್ಲಿ ತಿರುಗಿಸಿದರು.

ಮೊದಲ ಮುನ್ನೂರು ಕಳಿಸಿದ್ದು ಒಂದು ಗುರುವಾರ. ಅವತ್ತು ಮಲಗಿದವಳಿಗೆ ಎಚ್ಚರವಾದದ್ದು ಬೆಳಿಗ್ಗೆಯೇ.